ಗಿಟಾರಿನ ಮೇಲೆ ಬರೆದ ದೇಶದ ಹೆಸರು ಏನು ಹೇಳುತ್ತದೆ?

ಗಣಪತಿ ಹಬ್ಬದ ಆರ್ಕೆಸ್ಟ್ರಾ, ಚರ್ಚಿನ ಹಾಡಿನ ತಂಡ, ಮದುವೆ ಮನೆಯ ವೇದಿಕೆ ಹೀಗೆ ಎಲ್ಲಾದರೂ ಒಂದು ಕಡೆ ಎಲೆಕ್ಟ್ರಿಕ್ ಗಿಟಾರನ್ನು ನೀವು ನೋಡಿಯೇ ಇರುತ್ತೀರಿ. ಅದನ್ನು ನುಡಿಸುವ ಹುಡುಗರ ನಡುವೆ ಒಂದು ಪ್ರಶ್ನೆ ಯಾವಾಗಲೂ ಓಡಾಡುತ್ತಿರುತ್ತದೆ: "ಇದು ಯಾವ ದೇಶದ್ದು?" ಅಮೆರಿಕದ್ದು ಎಂದರೆ ಸುತ್ತ ನಿಂತವರ ಕಣ್ಣು ಅರಳುತ್ತದೆ. ಜಪಾನ್ ಎಂದರೆ ತಲೆದೂಗುತ್ತಾರೆ. ಇಂಡೋನೇಷ್ಯಾ ಎಂದರೆ "ಪರವಾಗಿಲ್ಲ" ಎನ್ನುತ್ತಾರೆ. ಚೀನಾ ಎಂದರೆ ಮಾತು ಬದಲಿಸುತ್ತಾರೆ.

ಈ ಮೇಲು ಕೀಳಿನ ಲೆಕ್ಕ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ನಿಜ, ಎಷ್ಟು ಬರೀ ನಂಬಿಕೆ ಎಂದು ಹುಡುಕುತ್ತಾ ಹೋದರೆ ಎಪ್ಪತ್ತು ವರ್ಷಗಳ ಒಂದು ಕಥೆ ಸಿಗುತ್ತದೆ. ಅದು ಸಂಗೀತದ ಕಥೆಯಷ್ಟೇ ಅಲ್ಲ, ಕಾರ್ಖಾನೆ, ಕೂಲಿ ಮತ್ತು ಕೈಕೆಲಸದ ಕಥೆಯೂ ಹೌದು. ನಮ್ಮ ಮಲೆನಾಡಿನ ಒಂದು ಮರಕ್ಕೂ ಅದರಲ್ಲಿ ಪಾತ್ರವಿದೆ.

ಮೊದಲು, ಇದು ಕೆಲಸ ಮಾಡುವುದು ಹೇಗೆ?

ಸಾದಾ ಗಿಟಾರಿನ ಹೊಟ್ಟೆ ಟೊಳ್ಳು. ತಂತಿ ಮಿಡಿದಾಗ ಆ ಟೊಳ್ಳಿನಿಂದ ದನಿ ದೊಡ್ಡದಾಗಿ ಹೊರಬರುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಆ ಟೊಳ್ಳು ಬೇಕಿಲ್ಲ. ಅದರ ತಂತಿಯ ಕೆಳಗೆ 'ಪಿಕಪ್' ಎಂಬ ಭಾಗ ಇರುತ್ತದೆ. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಸೈಕಲ್ ಡೈನಮೊ ನೆನಪಿದೆಯಲ್ಲ? ಅಲ್ಲಿ ಅಯಸ್ಕಾಂತ ತಿರುಗಿದರೆ ದೀಪ ಹತ್ತುತ್ತಿತ್ತು. ಇಲ್ಲಿ ಅಯಸ್ಕಾಂತದ ಎದುರು ಉಕ್ಕಿನ ತಂತಿ ಅದುರಿದಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ.

ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಷಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಈ ತತ್ವದ ಮೇಲೆ ಮಾಡಿದ ಗಿಟಾರ್ 1932ರಲ್ಲಿ ಮಾರಾಟಕ್ಕೆ ಬಂತು. ದುಂಡಗಿನ ಹೊಟ್ಟೆ, ಉದ್ದ ಹಿಡಿಕೆ. ನೋಡಿದವರು ಅದಕ್ಕೆ 'ಬಾಣಲೆ' ಎಂದೇ ಹೆಸರಿಟ್ಟರು.

ನುಡಿಸಲು ಬಾರದವನು ಮಾಡಿದ ಗಿಟಾರ್

ಇಂದು ನಾವು ನೋಡುವ ಗಿಟಾರುಗಳ ಆಕಾರ ಬಹುಪಾಲು ಎರಡು ಅಮೆರಿಕನ್ ಕಂಪನಿಗಳಿಂದ ಬಂದದ್ದು. ಮೊದಲನೆಯದು ಫೆಂಡರ್. ಅದನ್ನು ಕಟ್ಟಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟದವರ ಮಗ. ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಕೊನೆಯವರೆಗೂ ಕಲಿಯಲಿಲ್ಲ. ಅವರು ಗಿಟಾರನ್ನು ನೋಡಿದ್ದು ಮೆಕ್ಯಾನಿಕ್ ಕಣ್ಣಿನಿಂದ. ಕೆಟ್ಟರೆ ಸುಲಭವಾಗಿ ರಿಪೇರಿ ಆಗಬೇಕು ಎಂಬುದು ಅವರ ಲೆಕ್ಕ. ಹಾಗಾಗಿ ಕತ್ತಿನ ಭಾಗವನ್ನು ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದರು. ಕತ್ತು ಹಾಳಾದರೆ ಬಿಚ್ಚಿ ಬೇರೆಯದು ಹಾಕಿದರಾಯಿತು. 1950ರಲ್ಲಿ ಬಂದ ಅವರ ಗಿಟಾರಿಗೆ 1951ರಲ್ಲಿ 'ಟೆಲಿಕ್ಯಾಸ್ಟರ್' ಎಂದು ಹೆಸರಾಯಿತು. 1954ರಲ್ಲಿ 'ಸ್ಟ್ರಾಟೊಕ್ಯಾಸ್ಟರ್' ಬಂತು.

ಎರಡನೆಯದು ಗಿಬ್ಸನ್. ಮಿಷಿಗನ್ ರಾಜ್ಯದ ಕಲಮಜೂ ಊರಿನ ಹಳೆಯ ವಾದ್ಯ ಕಂಪನಿ. 1952ರಲ್ಲಿ ಅವರು 'ಲೆಸ್ ಪಾಲ್' ಗಿಟಾರ್ ತಂದರು. ಅದರ ಕತ್ತು ಅಂಟಿಸಿದ್ದು, ಮರ ಭಾರ. ಆಗಿನ ಪಿಕಪ್‌ಗಳಲ್ಲಿ 'ಗುಂಯ್' ಎಂಬ ಕರೆಂಟಿನ ಸದ್ದು ಬರುತ್ತಿತ್ತು. ಗಿಬ್ಸನ್‌ನ ಇಂಜಿನಿಯರ್ ಸೆತ್ ಲವರ್ ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಗುಂಯ್ ಇನ್ನೊಂದರ ಗುಂಯ್ ಅನ್ನು ಅಳಿಸುವಂತೆ ಮಾಡಿದರು. 'ಹಂಬಕರ್' ಎಂಬ ಈ ಪಿಕಪ್ 1957ರಿಂದ ಗಿಟಾರುಗಳಲ್ಲಿ ಬಂತು. ಫೆಂಡರಿನ ದನಿ ತೆಳು, ಹರಿತ. ಗಿಬ್ಸನ್ನಿನದು ದಪ್ಪ, ಮೆತ್ತಗೆ.

ಒಂದು ಸಂಗತಿ ಗಮನಿಸಿ. 1950ರ ದಶಕದ 'ಅಸಲಿ ಅಮೆರಿಕನ್' ಫೆಂಡರ್ ಮಾಡಿದ ಕೈಗಳಲ್ಲಿ ಬಹಳಷ್ಟು ಮೆಕ್ಸಿಕನ್ ಮೂಲದ ಕುಟುಂಬಗಳವರದ್ದು. ಅಬಿಗೈಲ್ ಇಬಾರಾ ಎಂಬ ಮಹಿಳೆ 1956ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. ಪಿಕಪ್‌ಗೆ ತಂತಿ ಸುತ್ತುವುದರಲ್ಲಿ ಅವರ ಹೆಸರು ಎಷ್ಟು ದೊಡ್ಡದಾಯಿತೆಂದರೆ, ಅವರು ಸುತ್ತಿದ ಪಿಕಪ್ ಬೇಕೆಂದೇ ಜನ ಹೆಚ್ಚು ದುಡ್ಡು ಕೊಡತೊಡಗಿದರು. ಅವರು ನಿವೃತ್ತರಾದದ್ದು 2013ರಲ್ಲಿ. ಮುಂದೆ ಫೆಂಡರ್ ಮೆಕ್ಸಿಕೊದಲ್ಲೇ ಕಾರ್ಖಾನೆ ತೆರೆದಾಗ "ಮೆಕ್ಸಿಕೊದ್ದು ಅಸಲಿಯಲ್ಲ" ಎಂದವರಿಗೆ ಈ ಹೆಸರುಗಳು ನೆನಪಾಗಲಿಲ್ಲ.

ಅಮೆರಿಕದ್ದು ಸಿಗದೇ ಇದ್ದಾಗ

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಡಾಲರಿಗೆ ಬರ ಬಂತು. 1951ರಿಂದ 1959ರವರೆಗೆ ಅಲ್ಲಿನ ಸರ್ಕಾರ ಅಮೆರಿಕದ ವಾದ್ಯಗಳ ಆಮದನ್ನೇ ನಿಲ್ಲಿಸಿತ್ತು. ಆ ಕಾಲದ ಬ್ರಿಟಿಷ್ ಹುಡುಗರು ಕೈಗೆ ಸಿಕ್ಕಿದ್ದನ್ನು ನುಡಿಸಿದರು. ಲಿವರ್‌ಪೂಲಿನ ಜಾರ್ಜ್ ಹ್ಯಾರಿಸನ್ 1959ರಲ್ಲಿ ಕೊಂಡದ್ದು 'ಫ್ಯೂಚುರಾಮ' ಎಂಬ ಗಿಟಾರ್. ಅದು ತಯಾರಾದದ್ದು ಕಮ್ಯುನಿಸ್ಟ್ ಆಡಳಿತದ ಚೆಕೊಸ್ಲೊವಾಕಿಯಾದಲ್ಲಿ. ಅವರ ಗೆಳೆಯ ಪಾಲ್ ಮೆಕಾರ್ಟ್ನಿ ಹಿಡಿದದ್ದು ಜರ್ಮನಿಯ ಹಾಫ್ನರ್ ಕಂಪನಿಯ, ಪಿಟೀಲಿನ ಆಕಾರದ ಬೇಸ್ ಗಿಟಾರ್. ಇವರೇ ಮುಂದೆ ಬೀಟಲ್ಸ್ ತಂಡವಾಗಿ ಲೋಕಕ್ಕೆಲ್ಲ ಗಿಟಾರಿನ ಹುಚ್ಚು ಹಿಡಿಸಿದರು. ಆ ಅಗ್ಗದ ಹಾಫ್ನರನ್ನು ಇಂದು ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಹೊಲಿಗೆ ಯಂತ್ರದ ಪೆಟ್ಟಿಗೆಯಿಂದ ಗಿಟಾರಿಗೆ

ಜಪಾನಿನ ನಾಗಾನೊ ಪ್ರಾಂತ್ಯದಲ್ಲಿ ಬೆಟ್ಟಗಳ ನಡುವೆ ಮಟ್ಸುಮೊಟೊ ಎಂಬ ಪಟ್ಟಣವಿದೆ. ಮರಗೆಲಸಕ್ಕೆ ಹೆಸರಾದ ಊರು. ಅಲ್ಲಿನ ಮಟ್ಸುಮೊಕು ಎಂಬ ಕಂಪನಿ ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತಿತ್ತು. ಮರ ಒಣಗಿಸುವುದು, ಕೂಡಿಸುವುದು, ಮೆರುಗು ಹಚ್ಚುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1960ರ ದಶಕದಲ್ಲಿ ಗಿಟಾರಿಗೆ ಬೇಡಿಕೆ ಬಂದಾಗ ಅದೇ ಕೈಗಳು ಗಿಟಾರ್ ಮಾಡತೊಡಗಿದವು. ಅದೇ ಊರಿನಲ್ಲಿ 1960ರಲ್ಲಿ ಫುಜಿಗೆನ್ ಎಂಬ ಇನ್ನೊಂದು ಕಂಪನಿ ಹುಟ್ಟಿತು.

ಆರಂಭದ ಜಪಾನಿ ಗಿಟಾರುಗಳಲ್ಲಿ ಹಲವು ನಿಜಕ್ಕೂ ಒರಟಾಗಿದ್ದವು. 'ಜಪಾನ್ ಮಾಲು' ಎಂದರೆ ಅಗ್ಗದ್ದು, ಬೇಗ ಕೆಡುವಂಥದ್ದು ಎಂದು ಅಮೆರಿಕದಲ್ಲಿ ನಗುತ್ತಿದ್ದರು. ನಮ್ಮಲ್ಲಿ 'ಚೀನಾ ಮಾಲು' ಎನ್ನುವ ಹಾಗೆಯೇ. ಆದರೂ ಷಿಕಾಗೋದ ಬ್ಲೂಸ್ ಹಾಡುಗಾರ ಹೌಂಡ್ ಡಾಗ್ ಟೇಲರ್ ಅಂಥದ್ದೇ ಅಗ್ಗದ ಜಪಾನಿ ಗಿಟಾರ್ ಹಿಡಿದು ಹೆಸರು ಮಾಡಿದರು. ಆ ಒರಟು ದನಿಯೇ ಅವರ ಗುರುತಾಯಿತು.

1970ರ ದಶಕದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಲಿಯೋ ಫೆಂಡರ್ ತಮ್ಮ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಎಂಬ ದೊಡ್ಡ ಪ್ರಸಾರ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದ್ದರು. ಹೊಸ ಒಡೆಯರಿಗೆ ಸಂಖ್ಯೆ ಮುಖ್ಯವಾಯಿತು. ಬಣ್ಣ ದಪ್ಪವಾಯಿತು, 1971ರಿಂದ ಸ್ಟ್ರಾಟೊಕ್ಯಾಸ್ಟರಿನ ಕತ್ತಿಗೆ ನಾಲ್ಕರ ಬದಲು ಮೂರು ಸ್ಕ್ರೂ ಬಂದವು, ಕತ್ತು ಅಲುಗಾಡುತ್ತದೆ ಎಂಬ ದೂರುಗಳು ಬಂದವು. ಗಿಬ್ಸನ್ ಕೂಡ ಒಡೆತನ ಬದಲಾಗಿ ನಾರ್ಲಿನ್ ಎಂಬ ಕಂಪನಿಯ ಕೈ ಸೇರಿತ್ತು. ಅಲ್ಲೂ ಇದೇ ದೂರು. ಅದೇ ಹೊತ್ತಿಗೆ ಜಪಾನಿಗರ ಕೈ ಪಳಗಿತು. ಟೊಕಾಯ್, ಗ್ರೆಕೊ, ಇಬಾನೆಜ್ ಹೆಸರಿನಲ್ಲಿ ಅವರು ಹಳೆಯ ಫೆಂಡರ್, ಗಿಬ್ಸನ್ ಗಿಟಾರುಗಳ ನಕಲು ಮಾಡಿದರು. ಹೊಸ ಅಸಲಿಗಿಂತ ಈ ನಕಲಿಗಳೇ ಚೆನ್ನ ಎಂದು ನುಡಿಸುವವರು ಹೇಳತೊಡಗಿದರು.

1977ರಲ್ಲಿ ನಾರ್ಲಿನ್ ಫಿಲಡೆಲ್ಫಿಯಾದ ನ್ಯಾಯಾಲಯಕ್ಕೆ ಹೋಯಿತು. ಇಬಾನೆಜ್ ಗಿಟಾರುಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದ ಸಂಸ್ಥೆಯ ಮೇಲೆ ದಾವೆ. ದೂರು ಗಿಟಾರಿನ ದನಿಯ ಬಗ್ಗೆ ಅಲ್ಲ, ತಲೆಯ ಭಾಗದ ಆಕಾರದ ಬಗ್ಗೆ. 1978ರಲ್ಲಿ ಹೊರಗೇ ರಾಜಿಯಾಯಿತು. ಆಮೇಲೆ ಇಬಾನೆಜ್ ನಕಲು ಬಿಟ್ಟು ತನ್ನದೇ ವಿನ್ಯಾಸಗಳ ದಾರಿ ಹಿಡಿದು ದೊಡ್ಡ ಹೆಸರಾಯಿತು.

ಫೆಂಡರ್ ಹಿಡಿದದ್ದು ಬೇರೆ ದಾರಿ. 1982ರಲ್ಲಿ ಜಪಾನಿನ ಎರಡು ವ್ಯಾಪಾರ ಸಂಸ್ಥೆಗಳ ಜೊತೆ ಸೇರಿ 'ಫೆಂಡರ್ ಜಪಾನ್' ಕಟ್ಟಿತು. ತಯಾರಿಸಲು ಒಪ್ಪಿಕೊಂಡದ್ದು ಮಟ್ಸುಮೊಟೊದ ಫುಜಿಗೆನ್. 1985ರಲ್ಲಿ ಸಿಬಿಎಸ್ ಕೈ ಚೆಲ್ಲಿತು. ಬಿಲ್ ಶುಲ್ಟ್ಜ್ ನೇತೃತ್ವದಲ್ಲಿ ಕಂಪನಿಯ ನೌಕರರೇ 1.25 ಕೋಟಿ ಡಾಲರಿಗೆ ಫೆಂಡರನ್ನು ಕೊಂಡರು. ಆದರೆ ಆ ವ್ಯವಹಾರದಲ್ಲಿ ಫುಲರ್ಟನ್ ಕಾರ್ಖಾನೆ ಸೇರಿರಲಿಲ್ಲ. ಕರೋನಾ ಎಂಬ ಊರಿನಲ್ಲಿ ಹೊಸ ಕಾರ್ಖಾನೆ ಏಳುವವರೆಗೆ ಫೆಂಡರ್ ಹೆಸರನ್ನು ಮಾರುಕಟ್ಟೆಯಲ್ಲಿ ಹೆಚ್ಚಾಗಿ ಉಳಿಸಿದ್ದು ಜಪಾನಿನಲ್ಲಿ ಮಾಡಿದ ಗಿಟಾರುಗಳು.

ನ್ಯೂಯಾರ್ಕಿನ ಹೋಟೆಲಿನಲ್ಲಿ ಆದ ಒಪ್ಪಂದ

ಜಪಾನಿನ ಗಿಟಾರ್ ಚೆನ್ನಾಗಿದ್ದರೆ ಎಲ್ಲ ಅಲ್ಲೇ ಯಾಕೆ ಉಳಿಯಲಿಲ್ಲ? ಉತ್ತರ ಗಿಟಾರಿನಲ್ಲಿಲ್ಲ, ದುಡ್ಡಿನಲ್ಲಿದೆ. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ಶ್ರೀಮಂತ ದೇಶಗಳು ಡಾಲರಿನ ಬೆಲೆ ಇಳಿಸಲು ಒಪ್ಪಿದವು. ಆಗ ಒಂದು ಡಾಲರಿಗೆ ಸುಮಾರು 240 ಯೆನ್ ಇತ್ತು. ಮೂರೇ ವರ್ಷದಲ್ಲಿ ಅದು 130ರ ಆಸುಪಾಸಿಗೆ ಬಂತು. ಮಟ್ಸುಮೊಟೊದ ಕೆಲಸಗಾರ ಮಾಡುವ ಕೆಲಸ ಬದಲಾಗಲಿಲ್ಲ, ಆದರೆ ಅಮೆರಿಕದ ಅಂಗಡಿಯಲ್ಲಿ ಆ ಗಿಟಾರ್ ದುಬಾರಿಯಾಯಿತು. ಹೊಲಿಗೆ ಯಂತ್ರದ ಪೆಟ್ಟಿಗೆ ಮಾಡುತ್ತಿದ್ದ ಮಟ್ಸುಮೊಕು 1987ರಲ್ಲಿ ಬಾಗಿಲು ಹಾಕಿತು.

ಅಗ್ಗದ ಗಿಟಾರುಗಳ ಕೆಲಸ ದಕ್ಷಿಣ ಕೊರಿಯಾಕ್ಕೆ ಹೋಯಿತು. ಪಿಯಾನೊ ಮಾಡುತ್ತಿದ್ದ ಸಮಿಕ್, 1973ರಲ್ಲಿ ಹುಟ್ಟಿದ ಕಾರ್ಟ್ ಕಂಪನಿಗಳು ಅಮೆರಿಕದ, ಜಪಾನಿನ ಹಲವು ಹೆಸರುಗಳಿಗೆ ಗಿಟಾರ್ ಮಾಡಿಕೊಟ್ಟವು. ಮೊದಲು ಕೊರಿಯಾದ್ದನ್ನೂ ಹೀಯಾಳಿಸಿದರು. ಹತ್ತು ಹದಿನೈದು ವರ್ಷಗಳಲ್ಲಿ ಅಲ್ಲಿನ ಕೈಗಳೂ ಪಳಗಿದವು, ಕೂಲಿಯೂ ಏರಿತು. ಸಮಿಕ್ ಮತ್ತು ಕಾರ್ಟ್ 1990ರ ದಶಕದಲ್ಲಿ ಇಂಡೋನೇಷ್ಯಾದಲ್ಲಿ ಕಾರ್ಖಾನೆ ತೆರೆದವು. ಚೀನಾದಲ್ಲೂ ಕಾರ್ಖಾನೆಗಳು ಎದ್ದವು.

ಈ ಪಯಣವನ್ನು ಒಂದೇ ಹೆಸರಿನಲ್ಲಿ ನೋಡಬೇಕೆಂದರೆ ಎಪಿಫೋನ್ ಸಾಕು. ನ್ಯೂಯಾರ್ಕಿನಲ್ಲಿ ಗ್ರೀಕ್ ವಲಸಿಗರ ಕುಟುಂಬ ಬೆಳೆಸಿದ ಈ ಹೆಸರು 1957ರಲ್ಲಿ ಗಿಬ್ಸನ್ ಒಡೆಯರ ಪಾಲಾಯಿತು. ಗಿಟಾರುಗಳು ಕಲಮಜೂದಲ್ಲಿ ತಯಾರಾದವು. 1970ರಿಂದ ಜಪಾನಿನಲ್ಲಿ, 1980ರ ದಶಕದಲ್ಲಿ ಕೊರಿಯಾದಲ್ಲಿ, 2004ರ ನಂತರ ಹೆಚ್ಚಾಗಿ ಚೀನಾದ ಚಿಂಗ್‌ಡಾವ್ ಊರಿನಲ್ಲಿ. ಹೆಸರು ಒಂದೇ, ಊರು ಐದು.

ಕಾರ್ಖಾನೆ ಹೊರಟು ಹೋದ ಮೇಲೆ ಉಳಿದವರ ಕಥೆಯನ್ನೂ ಹೇಳಬೇಕು. 2007ರಲ್ಲಿ ಕಾರ್ಟ್ ತನ್ನ ಕೊರಿಯಾದ ಇಂಚಾನ್ ಕಾರ್ಖಾನೆಯಲ್ಲಿ ಕೆಲಸಗಾರರನ್ನು ತೆಗೆಯಿತು, ಡೇಜಾನ್ ಕಾರ್ಖಾನೆ ಮುಚ್ಚಿತು. ಕಂಪನಿ ವ್ಯಾಪಾರದ ಕಷ್ಟ ಹೇಳಿತು. ಕೆಲಸಗಾರರು ಒಪ್ಪದೆ ಧರಣಿ ಕೂತರು. ನ್ಯಾಯಾಲಯದ ತೀರ್ಪುಗಳು ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ಬಂದವು. ವರ್ಷಗಟ್ಟಲೆ ಗಿಟಾರ್ ಮಾಡಿದ್ದ ಇವರಲ್ಲಿ ಕೆಲವರು ಹೋರಾಟದ ನಡುವೆ ತಮ್ಮದೇ ಒಂದು ಬ್ಯಾಂಡ್ ಕಟ್ಟಿ ನುಡಿಸಿದರು. ಒಪ್ಪಂದ ಆದದ್ದು 2019ರ ಏಪ್ರಿಲಿನಲ್ಲಿ, ಹೋರಾಟದ ಹದಿಮೂರನೇ ವರ್ಷದಲ್ಲಿ. ಬೆಳಗಿನ ಜಾವ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗಿ, ವಿದೇಶದ ಹೆಸರಿನ ಅಂಗಿ ಹೊಲಿಯುವ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಬೀಟೆ ಮರದ ಪಾಲು

ಗಿಟಾರಿನ ಕತ್ತಿನ ಮೇಲೆ ಬೆರಳು ಒತ್ತುವ ಕಡೆ ಕಪ್ಪು ಕಂದು ಬಣ್ಣದ ಪಟ್ಟಿ ಇರುತ್ತದೆ. ಬಹಳ ಗಿಟಾರುಗಳಲ್ಲಿ ಅದು ರೋಸ್‌ವುಡ್. ಮೊದಲು ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಂತೆ 1960ರ ದಶಕದ ನಡುವಿನಿಂದ ಅಮೆರಿಕದ ಕಂಪನಿಗಳು ಭಾರತದ ರೋಸ್‌ವುಡ್ ಕಡೆ ತಿರುಗಿದವು. ಅದೇ ನಮ್ಮ ಬೀಟೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾದ ಮರ. ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮಘಟ್ಟದ ಈ ಮರ 'ಅಮೆರಿಕದಲ್ಲಿ ತಯಾರಾದದ್ದು' ಎಂದು ಬರೆದ ಗಿಟಾರುಗಳ ಮೇಲೂ ಇದೆ.

2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿದಾಗ ವಶಪಡಿಸಿಕೊಂಡದ್ದರಲ್ಲಿ ಭಾರತದಿಂದ ಹೋದ ರೋಸ್‌ವುಡ್ ಮತ್ತು ಕರಿಮರದ ಪಟ್ಟಿಗಳಿದ್ದವು. ಪೂರ್ತಿ ಸಿದ್ಧವಾಗದ ಮರವನ್ನು ಹೊರಗೆ ಕಳಿಸಲು ಭಾರತದ ನಿಯಮ ಒಪ್ಪುತ್ತದೆಯೇ ಎಂಬುದು ಅಲ್ಲಿದ್ದ ಪ್ರಶ್ನೆ. 2012ರಲ್ಲಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿ ರಾಜಿ ಮಾಡಿಕೊಂಡಿತು. ಆ ರಾಜಿಯಲ್ಲಿ ಮಡಗಾಸ್ಕರ್ ದೇಶದ ಕರಿಮರದ ವಿಷಯವೂ ಇತ್ತು. 2017ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದವೊಂದು ಬೀಟೆ ಜಾತಿಯ ಎಲ್ಲ ಮರಗಳ ವ್ಯಾಪಾರಕ್ಕೆ ಕಾಗದಪತ್ರ ಕಡ್ಡಾಯ ಮಾಡಿತು. ಕೆಲವು ಕಂಪನಿಗಳು ಅಗ್ಗದ ಮಾದರಿಗಳಿಗೆ ಬೇರೆ ಮರ ಹಾಕಿದವು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹೀಗಿರುವಾಗ ಗಿಟಾರಿನ ಮೇಲಿನ ದೇಶದ ಹೆಸರು ಅದು ಹಾದು ಬಂದ ಕೊನೆಯ ಊರನ್ನಷ್ಟೇ ಹೇಳುತ್ತದೆ.

ಹಾಗಾದರೆ ದನಿಯಲ್ಲಿ ವ್ಯತ್ಯಾಸ ಇಲ್ಲವೇ?

ಇದೆ. ಆದರೆ ಅದು ದೇಶದಿಂದ ಬರುವುದಲ್ಲ. ದನಿಯನ್ನು ಹೆಚ್ಚು ಬದಲಿಸುವುದು ಪಿಕಪ್, ಆಂಪ್ಲಿಫೈಯರ್, ತಂತಿಯ ದಪ್ಪ, ನುಡಿಸುವ ಬೆರಳು. ತಂತಿಯ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಫೆಂಡರಿನಲ್ಲಿ ಅದು 25.5 ಇಂಚು, ಗಿಬ್ಸನ್ನಿನಲ್ಲಿ 24.75 ಇಂಚು. ಉದ್ದ ಹೆಚ್ಚಾದಷ್ಟೂ ಅದೇ ಸ್ವರಕ್ಕೆ ಬಿಗಿ ಹೆಚ್ಚು ಬೇಕು. ದೇಹದ ಮರದ ಪಾತ್ರ ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ.

ಕಂಪ್ಯೂಟರ್ ನಿಯಂತ್ರಣದ ಯಂತ್ರಗಳು ಬಂದ ಮೇಲೆ ಮರ ಕತ್ತರಿಸುವುದರಲ್ಲಿ ಕರೋನಾಕ್ಕೂ ಸುರಬಯಾಕ್ಕೂ ದೊಡ್ಡ ಅಂತರ ಉಳಿದಿಲ್ಲ. ಅಂತರ ಇರುವುದು ಯಂತ್ರ ನಿಂತ ಮೇಲಿನ ಕೆಲಸದಲ್ಲಿ. ಮರವನ್ನು ಎಷ್ಟು ಕಾಲ ಒಣಗಿಸಿದರು, ಲೋಹದ ಮೆಟ್ಟಿಲುಗಳ ಅಂಚನ್ನು ಎಷ್ಟು ಹೊತ್ತು ಉಜ್ಜಿದರು, ಒಳಗಿನ ಸ್ವಿಚ್, ಗುಂಡಿಗಳಿಗೆ ಎಷ್ಟು ಖರ್ಚು ಮಾಡಿದರು, ಕೊನೆಗೆ ಎಷ್ಟು ಕಣ್ಣುಗಳು ಪರೀಕ್ಷಿಸಿದವು ಎಂಬುದರಲ್ಲಿ. ಇವನ್ನೆಲ್ಲ ತೀರ್ಮಾನಿಸುವುದು ಆ ಗಿಟಾರನ್ನು ಯಾವ ಬೆಲೆಗೆ ಮಾರಬೇಕು ಎಂಬ ಲೆಕ್ಕ. ದುಬಾರಿ ಗಿಟಾರ್ ಅಮೆರಿಕದಲ್ಲಿ, ಅಗ್ಗದ್ದು ಇಂಡೋನೇಷ್ಯಾ, ಚೀನಾದಲ್ಲಿ ತಯಾರಾಗುವುದರಿಂದ ನಾವು ಬೆಲೆಯ ವ್ಯತ್ಯಾಸವನ್ನು ದೇಶದ ವ್ಯತ್ಯಾಸ ಎಂದುಕೊಳ್ಳುತ್ತೇವೆ.

ನಿಮ್ಮ ಮನೆಯ ಮಕ್ಕಳು ಗಿಟಾರ್ ಕೇಳುತ್ತಿದ್ದರೆ, ಹೊಸದಾಗಲಿ ಹಳೆಯದಾಗಲಿ, ಕೊಳ್ಳುವ ಮೊದಲು ಹೀಗೆ ನೋಡಿ:

1. ಕತ್ತನ್ನು ಉದ್ದಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಕೂಸಲಿನ ನೇರ ನೋಡುವ ಹಾಗೆ. ತಿರುಚಿದ್ದರೆ ಬೇಡ.
2. ಕತ್ತಿನ ಎರಡೂ ಅಂಚಿನ ಮೇಲೆ ಕೈ ಆಡಿಸಿ. ಲೋಹದ ಮೆಟ್ಟಿಲುಗಳು ಚುಚ್ಚಬಾರದು.
3. ಪ್ರತಿ ತಂತಿಯನ್ನು ಪ್ರತಿ ಮನೆಯಲ್ಲಿ ಒತ್ತಿ ಮಿಡಿಯಿರಿ. ಎಲ್ಲೂ 'ಝರ್' ಎನ್ನಬಾರದು.
4. ಫೋನಿನಲ್ಲಿ ಉಚಿತ ಟ್ಯೂನರ್ ಆಪ್ ಹಾಕಿಕೊಳ್ಳಿ. ತಂತಿಯನ್ನು ಬಿಟ್ಟು ಮಿಡಿದಾಗಲೂ, ಹನ್ನೆರಡನೇ ಮನೆಯಲ್ಲಿ ಒತ್ತಿ ಮಿಡಿದಾಗಲೂ ಅದೇ ಸ್ವರ ತೋರಿಸಬೇಕು.
5. ಆಂಪ್ಲಿಫೈಯರಿಗೆ ಜೋಡಿಸಿ ಗುಂಡಿಗಳನ್ನು ತಿರುಗಿಸಿ. 'ಕರಕರ' ಬಂದರೆ ಒಳಗಿನ ಬಿಡಿಭಾಗ ಸರಿಯಿಲ್ಲ.

ಮೂರನೆಯದು, ನಾಲ್ಕನೆಯದು ಸ್ವಲ್ಪ ತಪ್ಪಿದ್ದರೆ ತಿಳಿದವರು ಸರಿಮಾಡಿಕೊಡುತ್ತಾರೆ. ಮೊದಲನೆಯದನ್ನು ಸರಿಮಾಡುವುದು ಕಷ್ಟ.

1960ರ ದಶಕದಲ್ಲಿ ನಗುತ್ತಿದ್ದ ಜಪಾನ್ ಗಿಟಾರಿಗೆ, ಅದರಲ್ಲೂ 1980ರ ದಶಕದ ಮೊದಲ ಫೆಂಡರ್ ಜಪಾನ್ ಗಿಟಾರುಗಳಿಗೆ, ಇಂದು ಸಂಗ್ರಹಕಾರರು ಹುಡುಕಾಡುತ್ತಾರೆ. ಕೊರಿಯಾದ ಹಳೆಯ ಗಿಟಾರುಗಳಿಗೂ ಈಗ ಹೊಗಳಿಕೆ ಶುರುವಾಗಿದೆ. ಇಂಡೋನೇಷ್ಯಾದ ಸರದಿ ಬರುತ್ತಿದೆ, ಚೀನಾದ್ದೂ ಬಂದೀತು. ಪ್ರತಿ ಸಲವೂ ಹೊಗಳಿಕೆ ಬರುವ ಹೊತ್ತಿಗೆ ಕೆಲಸ ಮುಂದಿನ ಅಗ್ಗದ ಊರಿಗೆ ಹೋಗಿರುತ್ತದೆ, ಕಲಿತ ಕೈಗಳು ಖಾಲಿ ಕೂತಿರುತ್ತವೆ. ಹಾಗಾಗಿ ಮುಂದಿನ ಸಲ ವೇದಿಕೆಯ ಹುಡುಗ ತನ್ನ ಗಿಟಾರ್ ಇಂಡೋನೇಷ್ಯಾದ್ದು ಎಂದು ಸಂಕೋಚದಿಂದ ಹೇಳಿದರೆ, ಅವನಿಗೆ ಈ ಕಥೆ ಹೇಳಿ. ಅದನ್ನು ಮಾಡಿದವರು ಸುರಬಯಾದಲ್ಲೋ ಬೊಗೊರಿನಲ್ಲೋ ನಮ್ಮಂತೆಯೇ ದುಡಿದು ಕಲಿತವರು. ಉಳಿದದ್ದು ಅವನ ಬೆರಳಿಗೆ ಬಿಟ್ಟದ್ದು.